ಅರ್ಧಕ್ಕೆ ಬಿಡುವ ಅಭ್ಯಾಸ

ಆ ಪರೀಕ್ಷೆಗೆ ಒಂದು ಸಲ ಕಟ್ಟುವ ಶುಲ್ಕದಲ್ಲಿ ಹಿಟ್ಟು ನಾದುವ ಯಂತ್ರಕ್ಕೆ ಹೊಸ ಮೋಟಾರು ಬರುತ್ತಿತ್ತು. ಪುಸ್ತಕಗಳ ದುಡ್ಡಿನಲ್ಲಿ ಮಗಳನ್ನು ಶಾಲೆಯವರ ಜೊತೆ ಸಮುದ್ರ ನೋಡಲು ಕಳಿಸಬಹುದಿತ್ತು. ಓದುವುದಕ್ಕೆಂದು ಆಫೀಸಿನಿಂದ ತೆಗೆದುಕೊಂಡ ಸಂಬಳವಿಲ್ಲದ ರಜೆಯ ಬಾಬತ್ತಿನಲ್ಲಿ ಅಂಗಡಿಯ ಒಡೆದ ಗಾಜು ಬದಲಾಯಿಸಿ, ಮಿಕ್ಕದ್ದರಲ್ಲಿ ಮನೆಮಂದಿಗೆಲ್ಲ ಒಂದೊಂದು ಜೊತೆ ಚಪ್ಪಲಿ ಕೊಳ್ಳಬಹುದಿತ್ತು. ಇದು ಬೇಕರಿಯವನ ಲೆಕ್ಕ. ಅವನು ಇದನ್ನು ಎಲ್ಲೂ ಬರೆದಿಟ್ಟವನಲ್ಲ. ಬೆಳಗಿನ ಬ್ರೆಡ್ಡಿಗೆ ಹಿಟ್ಟು ನಾದುತ್ತ ಬಾಯಲ್ಲೇ ಹೇಳಿಕೊಳ್ಳುತ್ತಿದ್ದ. ಹಳೆಯ ಮೋಟಾರು ಅರ್ಧ ಕೆಲಸ ಮಾಡಿ ನಿಂತುಬಿಡುತ್ತಿತ್ತು, ಉಳಿದದ್ದು ಕೈಯಲ್ಲೇ ಆಗಬೇಕು. ಹಾಗಾಗಿ ಲೆಕ್ಕ ಹಾಕಲು ಅವನಿಗೆ ಬೇಕಾದಷ್ಟು ಹೊತ್ತು ಸಿಗುತ್ತಿತ್ತು.

ಪರೀಕ್ಷೆ ಬರೆಯುವವಳು ಅವನ ಹೆಂಡತಿ. ಬೇಕರಿ ಕೆಳಗೆ, ಮನೆ ಮೇಲೆ. ಅವಳು ದಿನಾ ಮೆಟ್ಟಿಲಿಳಿದು ಬ್ರೆಡ್ಡಿನ ವಾಸನೆ ದಾಟಿಕೊಂಡು ಲೆಕ್ಕಪರಿಶೋಧಕರ ಕಚೇರಿಗೆ ಹೋಗುತ್ತಿದ್ದಳು. ಕಂಪನಿಗಳಿಗೆ ಹೋಗಿ ಲೆಕ್ಕ ಪರೀಕ್ಷಿಸುವುದು, ಗೋದಾಮು ಎಣಿಸುವುದು, ತಪ್ಪು ಹಿಡಿಯುವುದು, ವರದಿ ಬರೆಯುವುದು ಎಲ್ಲ ಅವಳದೇ. ಕೊನೆಗೆ ಸಹಿ ಮಾತ್ರ ಬೇರೆಯವರದು. ಸಹಿ ಹಾಕಬೇಕೆಂದರೆ ಉನ್ನತ ಲೆಕ್ಕಪರಿಶೋಧನೆಯ ಆ ಒಂದು ಪೇಪರು ಪಾಸಾಗಬೇಕು. ಉಳಿದವೆಲ್ಲ ಪಾಸಾಗಿದ್ದವು. ಇದೊಂದು ಮೂರು ಸಲ ಕೈಕೊಟ್ಟಿತ್ತು, ಹೋದ ಸಲ ಎರಡೇ ಅಂಕದಲ್ಲಿ.

ಊಟದ ಮೇಜಿನಲ್ಲಿ ಎಲ್ಲರ ತಟ್ಟೆಗೂ ಬಡಿಸಿಯಾದ ಮೇಲೆ ಅವಳು ವಿಷಯ ತೆಗೆದಳು.

"ಈ ಸಲದ್ದೇ ಕಡೇದು."

"ಹೋದ ಸಲವೂ ಹಾಗೇ ಅಂದಿದ್ದೆ" ಎಂದ ಗಂಡ.

"ಹೋದ ಸಲ ಅಂದಿದ್ದು ನಾನು. ಈ ಸಲ ಪರೀಕ್ಷೆಯವರೇ ಅಂದಿದಾರೆ. ಗಡುವು ಮುಗೀತಾ ಬಂತು. ಇದು ಆಗ್ಲಿಲ್ಲ ಅಂದ್ರೆ ಪಾಸಾಗಿರೋ ಪೇಪರ್‌ಗಳೂ ರದ್ದಾಗ್ತವೆ. ಮತ್ತೆ ಮೊದಲಿಂದ ಎಲ್ಲಾ ಬರೀಬೇಕು."

ಅತ್ತೆಯ ಚಮಚ ಬಾಯಿಯ ಹತ್ತಿರ ನಿಂತಿತು. "ಪಾಸಾದದ್ದೂ ಕೆಡುತ್ತೇನೇ? ಅದೇನು ಹಾಲಾ?"

"ಹಾಲೇ ಅತ್ತೆ. ಅದಕ್ಕೂ ದಿನಾಂಕ ಇರುತ್ತೆ."

"ಮತ್ತೆ ಮೊದಲಿಂದ ಬರೆಯೋದಾದ್ರೆ ನಾನು ಮೋಟಾರ್ ಆಸೆ ಬಿಟ್ಟುಬಿಡ್ಬೇಕು" ಎಂದ ಬೇಕರಿಯವನು.

"ಅಪ್ಪ, ಮೋಟಾರ್ ಈಗ್ಲೂ ಇಲ್ಲ" ಎಂದಳು ಮಗಳು. ಅವಳಿಗೆ ಮನೆಯಲ್ಲಿ ಮೆಣಸು ಎಂದು ಹೆಸರು. ಹೈಸ್ಕೂಲಿಗೆ ಹೋಗುವ ಹುಡುಗಿ. ಆ ಹೆಸರು ಯಾಕೆ ಬಂತೆಂದು ಯಾರೂ ಕೇಳುತ್ತಿರಲಿಲ್ಲ.

ಬೇಕರಿಯವನು ತಟ್ಟೆಯತ್ತ ಬಗ್ಗಿದ. ಶುಲ್ಕ ಕಟ್ಟಿಯಾಗಿತ್ತು.

ಅತ್ತೆ ಆ ಪುಸ್ತಕಗಳನ್ನು ದಿನವೂ ಒರೆಸಿಡುತ್ತಿದ್ದರು. ಒಂದೊಂದು ಎತ್ತುವಾಗಲೂ, "ಇಷ್ಟು ಭಾರದ್ದು ತಲೆಯೊಳಗೆ ಹೇಗೆ ಹೋಗುತ್ತೋ" ಎನ್ನುತ್ತಿದ್ದರು. ಇದರಲ್ಲಿ ಕಲಿಯುವುದಾದರೂ ಏನು ಎಂದು ಒಮ್ಮೆ ಕೇಳಿದಾಗ ಸೊಸೆ ತುಸು ಯೋಚಿಸಿ, "ಲೆಕ್ಕದಲ್ಲಿ ಇರೋದನ್ನ ಯಾರು ಬೇಕಾದ್ರೂ ನೋಡ್ಬಹುದು ಅತ್ತೆ. ಇರಬೇಕಾಗಿದ್ದು, ಆದ್ರೆ ಇಲ್ಲದೆ ಇರೋದನ್ನ ಹುಡುಕೋದು ಕಲೀತೀನಿ" ಎಂದಿದ್ದಳು. ಅತ್ತೆ ಅದನ್ನು ಪಕ್ಕದ ಮನೆಯಾಕೆಗೆ ಹೇಳಿಕೊಂಡರು: "ನನಗೆ ಇರೋ ಕನ್ನಡಕ ಹುಡುಕೋದಕ್ಕೇ ಅರ್ಧ ದಿನ ಬೇಕು. ಇವಳು ಇಲ್ಲದ್ದನ್ನ ಹುಡುಕ್ತಾಳಂತೆ!"

ಸಂಜೆ ಅಡುಗೆಮನೆಯಲ್ಲಿ ಅತ್ತೆ ಬಟಾಣಿ ಸುಲಿಯುವಾಗ ಸೊಸೆ ಹಳೆಯ ಪ್ರಶ್ನೆಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಆ ಪರೀಕ್ಷೆಯ ಪ್ರಶ್ನೆಗಳು ಒಂದೊಂದೂ ಒಂದು ಕಂಪನಿಯ ಕತೆ. ಕೇಳಕೇಳುತ್ತ ಅತ್ತೆಗೆ ಆ ಕಂಪನಿಗಳು ನೆಂಟರಿಷ್ಟರ ಹಾಗಾಗಿಬಿಟ್ಟವು.

"ಆ ಆಟಿಕೆ ಕಂಪನಿಯವನದು ಏನಾಯ್ತು?"

"ವರ್ಷದ ಕೊನೇ ವಾರ ಗೋದಾಮಿನ ಸರಕೆಲ್ಲ ತನ್ನ ಭಾವಮೈದುನನಿಗೆ ಮಾರಿದಾನೆ. ಹೊಸ ವರ್ಷದಲ್ಲಿ ವಾಪಸ್ ತಗೊಂಡಿದಾನೆ."

"ಕಳ್ಳ ನನ್ಮಗ!"

"ಹಾಗೆ ಬರೆಯೋ ಹಾಗಿಲ್ಲ ಅತ್ತೆ."

"ಮತ್ತೇನಂತ ಬರೀತೀಯ?"

"'ಮಾರಾಟವನ್ನು ಹೆಚ್ಚಾಗಿ ತೋರಿಸಿರುವ ಸಾಧ್ಯತೆ ಇದೆ' ಅಂತ."

"ನಾನಂದಿದ್ದೂ ಅದೇ ತಾನೆ?" ಎಂದು ಅತ್ತೆ ಬಟಾಣಿ ಸಿಪ್ಪೆ ಎಸೆದರು. "ಸಿಕ್ಕಿಬಿದ್ದನಾ ಕೊನೆಗೆ?"

"ಗೊತ್ತಿಲ್ಲ. ಪ್ರಶ್ನೆ ಅಲ್ಲಿಗೇ ಮುಗೀತು."

ಅಂದು ಅತ್ತೆಗೆ ಊಟ ಸೇರಲಿಲ್ಲ.

ಒಂದು ಭಾನುವಾರ ಸೊಸೆ ಮನೆಯಲ್ಲೇ ಇಡೀ ಪ್ರಶ್ನೆಪತ್ರಿಕೆ ಬರೆಯಲು ಕೂತಳು. ನಿಜವಾದ ಪರೀಕ್ಷೆಯಂತೆಯೇ, ಹೊತ್ತು ನೋಡಿಕೊಂಡು. ಮುಗಿದ ಮೇಲೆ ಮೆಣಸು ಹಾಳೆಗಳನ್ನು ಎತ್ತಿಕೊಂಡು ಮಗುಚುತ್ತ ಹೋದಳು. ಮೊದಲ ಪ್ರಶ್ನೆಗೆ ಹಾಳೆಯ ಮೇಲೆ ಹಾಳೆ. ಅಕ್ಷರ ಅಚ್ಚು ಹಾಕಿದಂತೆ. ಗೆರೆ ಎಳೆದದ್ದೂ ನೇರ. ಎರಡನೆಯದಕ್ಕೆ ಒಂದು ಪುಟ. ಮೂರನೆಯದಕ್ಕೆ ತಲೆಬರಹ.

"ಅಮ್ಮಾ, ಕೊನೇದು ಪೂರ್ತಿ ಖಾಲಿ."

"ಗೊತ್ತು."

"ಉತ್ತರ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಕಣೇ. ಮೂರು ಸಲವೂ ಹೀಗೇ ಆಗಿದ್ದು. ಒಂದು ಪ್ರಶ್ನೆ ಹಿಡಿದ್ರೆ ಅದು ಮುಗಿಯೋ ತನಕ ಬಿಡೋಕಾಗಲ್ಲ. ಬಿಡ್ಬೇಕು ಅಂತ ಬುದ್ಧಿ ಹೇಳುತ್ತೆ, ಕೈ ಕೇಳಲ್ಲ."

ಯಾರಿಗೂ ಇದು ಹೊಸ ಸುದ್ದಿಯಲ್ಲ. ಆಫೀಸಿನಲ್ಲಿ ಅವಳನ್ನು ಹೊಗಳುತ್ತಿದ್ದದ್ದು ಈ ಗುಣಕ್ಕೇ. ಒಂದು ಸಣ್ಣ ರಸೀದಿ ಕಾಣೆಯಾದರೂ ಅದರ ಬೆನ್ನು ಬಿಡುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಸೊಸೆಯಲ್ಲಿ ಮೆಚ್ಚಿದ್ದೂ ಇದನ್ನೇ: ಹಿಡಿದ ಪಾತ್ರೆ ಫಳಫಳ ಎನ್ನದೆ ಅವಳು ನಲ್ಲಿ ನಿಲ್ಲಿಸಿದವಳಲ್ಲ. ಅತ್ತೆಯೂ ಅದೇ ಜಾತಿಯ ಹೆಂಗಸು. ಆ ಮನೆಯ ಕಿಟಕಿ ಗಾಜಿಗೆ ಹಕ್ಕಿಗಳು ಬಂದು ಬಡಿದುಕೊಳ್ಳುತ್ತಿದ್ದವು, ಅಷ್ಟು ಶುದ್ಧ.

ಮೆಣಸು ಕೆಳಗಿಳಿದು ಹೋಗಿ ಬೇಕರಿಯ ಮೇಜಿನ ಖಾನೆ ತಡಕಿದಳು. ಬರುವಾಗ ಅವಳ ಕೈಯಲ್ಲಿ ಓವನ್ನಿನ ಹಳೆಯ ಗಂಟೆ ಇತ್ತು. ಕೀ ತಿರುಗಿಸಿಟ್ಟರೆ ಹೊತ್ತಿಗೆ ಸರಿಯಾಗಿ ಕಿವಿ ಹರಿಯುವಂತೆ ಹೊಡೆದುಕೊಳ್ಳುವಂಥದು. ಹೊಸದು ಬಂದ ಮೇಲೆ ಇದು ಮೂಲೆ ಸೇರಿತ್ತು.

"ಇದು ಹೊಡೆದಾಗ ಕೈಯಲ್ಲಿ ಏನಿದ್ರೂ ಬಿಟ್ಟು ಏಳಬೇಕು. ಓದೋದಷ್ಟೇ ಅಲ್ಲ, ಎಲ್ಲಾ ಕೆಲಸನೂ."

"ಎಲ್ಲಾ ಅಂದ್ರೆ?" ಎಂದರು ಅತ್ತೆ.

"ಎಲ್ಲಾ ಅಂದ್ರೆ ಎಲ್ಲಾ, ಅಜ್ಜಿ. ಬಿಟ್ಟಿದ್ದನ್ನ ಮಾರನೇ ದಿನದ ತನಕ ಯಾರೂ ಮುಟ್ಟಬಾರ್ದು. ಅಮ್ಮ ಅದನ್ನ ನೋಡ್ತಾ ನೋಡ್ತಾ ಬೇರೆ ಕೆಲಸ ಮಾಡ್ಬೇಕು."

ಗಂಟೆಯ ಕಾರುಬಾರು ಮೆಣಸಿನ ಕೈಗೆ ಹೋಯಿತು. ಅವಳು ಯಾವಾಗ ಕೀ ಕೊಡುತ್ತಾಳೆ, ಯಾವಾಗ ಹೊಡೆಯುತ್ತದೆ ಯಾರಿಗೂ ತಿಳಿಯುತ್ತಿರಲಿಲ್ಲ. ಮನೆ ಒಂದು ವಾರದಲ್ಲಿ ಗುರುತು ಸಿಗದಂತಾಯಿತು. ಬಾಗಿಲಿನಿಂದ ನಡುಮನೆಯವರೆಗೆ ಗುಡಿಸಿದ ನೆಲ, ಅಲ್ಲಿಂದಾಚೆ ಕಸ. ಒಂದು ಕಡೆ ಕನ್ನಡಿಯಂತೆ ಹೊಳೆಯುವ ಬಾಣಲೆ, ಅದರ ಇನ್ನೊಂದು ಕಡೆ ಜಿಡ್ಡು. ಒಂದು ಬೆಳಿಗ್ಗೆ ಮೆಣಸಿಗೂ ತನ್ನ ಮದ್ದು ತಾಗಿತು. ಎರಡು ಜಡೆಯಲ್ಲಿ ಒಂದು ಹೆಣೆದಾಗಿತ್ತು, ಇನ್ನೊಂದು ಅರ್ಧವಾಗಿತ್ತು, ಅವಳೇ ಇಟ್ಟು ಮರೆತಿದ್ದ ಗಂಟೆ ಹೊಡೆಯಿತು. ಅಮ್ಮ ಕೈ ತೆಗೆದಳು. ಹುಡುಗಿ ಹಾಗೇ ಶಾಲೆಗೆ ಹೋಗಿಬಂದಳು.

"ಏನಂದ್ರು ಶಾಲೇಲಿ?" ಎಂದರು ಅಜ್ಜಿ.

"ನಮ್ಮಮ್ಮ ಪರೀಕ್ಷೆಗೆ ಓದ್ತಿದಾರೆ ಅಂದೆ. ಯಾರಿಗೂ ಅರ್ಥ ಆಗ್ಲಿಲ್ಲ."

ಬೇಕರಿಯವನು ತನ್ನ ಅಂಗಿ ಹಿಡಿದುಕೊಂಡು ಬಂದ. "ಇದೇನು? ಒಂದು ತೋಳು ಇಸ್ತ್ರಿ, ಇನ್ನೊಂದು ಸುಕ್ಕು. ಗಿರಾಕಿಗಳಿಗೆ ಯಾವ ಕೈಯಲ್ಲಿ ಬ್ರೆಡ್ ಕೊಡ್ಲಿ?"

"ಇಸ್ತ್ರಿ ಆಗಿರೋದ್ರಲ್ಲಿ ಕೊಡಿ, ದುಡ್ಡು ಇನ್ನೊಂದ್ರಲ್ಲಿ ಇಸ್ಕೊಳ್ಳಿ" ಎಂದಳು ಹೆಂಡತಿ, ಪುಸ್ತಕದಿಂದ ತಲೆ ಎತ್ತದೆ.

ಎಲ್ಲರಿಗಿಂತ ಹೆಚ್ಚು ಸಂಕಟ ಅತ್ತೆಯದು. ಅರ್ಧ ಒರೆಸಿದ ಮೇಜಿನ ಎದುರು ಕೂತು ಅವರಿಗೆ ಚಹಾ ಇಳಿಯುತ್ತಿರಲಿಲ್ಲ. ಎರಡು ದಿನ ತಡೆದುಕೊಂಡರು. ಮೂರನೆಯ ದಿನ ಯಾರೂ ಇಲ್ಲದಾಗ ಸೆರಗಿನಲ್ಲೇ ಮೇಜು ಒರೆಸುತ್ತಿದ್ದಾಗ ಮೊಮ್ಮಗಳ ಕೈಗೆ ಸಿಕ್ಕಿಬಿದ್ದರು.

"ಅಜ್ಜಿ! ನೀವು ಮುಗಿಸಿಕೊಟ್ರೆ ಅಮ್ಮನಿಗೆ ಅಭ್ಯಾಸ ಆಗಲ್ಲ."

"ಒಂದು ಮೂಲೆ ಅಷ್ಟೇ ಕಣೇ."

"ಆ ಮೂಲೆಗೇ ಎರಡು ಅಂಕ ಹೋಗಿದ್ದು."

ಅತ್ತೆ ಸೆರಗು ಕೊಡವಿಕೊಂಡರು. ಆಮೇಲೆ ಅವರು ಮೇಜಿಗೆ ಬೆನ್ನು ಮಾಡಿ ಕೂತು ಚಹಾ ಕುಡಿಯುವುದನ್ನು ಕಲಿತರು.

ಸೊಸೆಯ ಮುಖವನ್ನು ನೋಡಿದರೆ ಸಂಕಟವೆಂದರೇನು ಎಂದು ಗೊತ್ತಾಗುತ್ತಿತ್ತು. ಗಂಟೆ ಹೊಡೆದೊಡನೆ ಅವಳ ಬೆರಳುಗಳು ಒಮ್ಮೆ ಬಿಗಿಯುತ್ತಿದ್ದವು, ಪಾತ್ರೆಯನ್ನೋ ಪೆನ್ನನ್ನೋ ಇನ್ನೂ ಗಟ್ಟಿಯಾಗಿ ಹಿಡಿಯುತ್ತಿದ್ದವು. ಆಮೇಲೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಅಷ್ಟಾಗುವಾಗ ಅವಳ ಹಣೆ ಬೆವರುತ್ತಿತ್ತು. ದಿನ ಕಳೆದಂತೆ ಬಿಗಿಯುವ ಹೊತ್ತು ಕಮ್ಮಿಯಾಯಿತು. ತಾನು ಬೆಳೆದುಬಂದ ರೀತಿಯನ್ನೇ ಒಬ್ಬ ಹೆಂಗಸು ಈ ವಯಸ್ಸಿನಲ್ಲಿ ಕೈಯಾರೆ ಬಿಚ್ಚಿಹಾಕುವುದನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಪರೀಕ್ಷೆಗೆ ಮೂರು ವಾರ ಇರುವಾಗ ಮೋಟಾರು ಪೂರ್ತಿ ಸತ್ತಿತು. ಬೇಕರಿಯವನು ಎಲ್ಲ ಹಿಟ್ಟನ್ನೂ ಕೈಯಲ್ಲೇ ನಾದತೊಡಗಿದ. ಕೆಲವೇ ದಿನಗಳಲ್ಲಿ ಅವನ ಮಣಿಕಟ್ಟು ಊದಿಕೊಂಡಿತು. ಮಧ್ಯಾಹ್ನದ ಬನ್ನಿನ ಹಿಟ್ಟಿಗಾದರೂ ಕೈಹಾಕು ಎಂದು, ಓದಲು ರಜೆ ಹಾಕಿ ಮನೆಯಲ್ಲಿದ್ದ ಹೆಂಡತಿಯನ್ನು ಕರೆದ. ಅವಳು ಬೇಡವೆನ್ನದೆ ಇಳಿದಳು, ತೋಳು ಮಡಿಚಿ ನಾದತೊಡಗಿದಳು. ಗಂಡ ಟ್ರೇ ತರಲು ಹಿಂದಿನ ಕೋಣೆಗೆ ಹೋಗಿದ್ದ. ಆಗ ಮೇಲಿನಿಂದ ಗಂಟೆ ಕೇಳಿತು.

ಅವಳು ಹಿಟ್ಟಿನಿಂದ ಕೈ ಎತ್ತಿದಳು. ಮೆಟ್ಟಿಲು ಹತ್ತಿಹೋಗಿ ಮುಂದಿನ ಪ್ರಶ್ನೆಗೆ ಕೂತಳು.

ಬೇಕರಿಯವನು ಹಿಂದಿನ ಕೋಣೆಯಲ್ಲಿ ಟ್ರೇ ಉಜ್ಜುವ ಸದ್ದಿನಲ್ಲಿ ಗಂಟೆ ಕೇಳದೆ, ಹೆಂಡತಿ ಹಿಟ್ಟಿನ ಹತ್ತಿರ ಇದ್ದಾಳೆಂದೇ ತಿಳಿದಿದ್ದ. ಗಿರಾಕಿಯೊಬ್ಬರು ಬಂದರು, ಮಾತಿಗೆ ನಿಂತರು. ಅವನು ನೋಡುವ ಹೊತ್ತಿಗೆ ಸೆಕೆಯಲ್ಲಿ ಹಿಟ್ಟು ಮಿತಿಮೀರಿ ಉಬ್ಬಿ, ಹುಳಿ ನಾತ ಬಂದು, ನಡುವೆ ಕುಸಿದು ಕೂತಿತ್ತು. ಆ ದಿನದ ಬನ್ನು ಅಷ್ಟೂ ಹೋಯಿತು.

ಅವನ ಕೂಗು ಬೀದಿಗೆ ಕೇಳಿತು. "ಹಿಟ್ಟು ಅಂದ್ರೆ ಬಾಣಲೆ ಅಲ್ಲ, ಬಿಟ್ಟುಹೋಗಿ ನಾಳೆ ತೊಳಿಯೋಕೆ! ಅದು ಜೀವ ಇರೋದು! ಇವತ್ತಿಗೆ ಸಾಕು. ಆ ಗಂಟೆ ತಂದು ಓವನ್‌ಗೆ ಹಾಕ್ತೀನಿ!"

ಅತ್ತೆ ಮೆಟ್ಟಿಲಲ್ಲಿ ಅಡ್ಡ ನಿಂತರು. "ಎಲ್ಲಿಗೆ ಹೊರಟೆ?"

"ಅಮ್ಮ, ದಾರಿ ಬಿಡು."

"ಬಿಡಲ್ಲ. ಈ ಮನೆಗೆ ಬಂದಾಗಿನಿಂದ ಅವಳು ಒಂದೇ ಒಂದು ಕೆಲಸ ಅರ್ಧಕ್ಕೆ ಬಿಟ್ಟವಳಲ್ಲ. ಅದರ ಸುಖ ಉಂಡೋರು ನಾವು. ಈಗ ಬಿಡೋದನ್ನ ಕಲೀಬೇಕು ಅಂತ ಹೊರಟಿದಾಳೆ. ಅವಳು ಬಿಟ್ಟರೆ ಹಿಡಿಯೋರು ಒಬ್ಬರು ಬೇಡ್ವಾ? ನಿನ್ನ ಹಿಟ್ಟು ನಾನು ನಾದ್ತೀನಿ."

"ನಿನಗೆ ವಯಸ್ಸೆಷ್ಟಮ್ಮ?"

"ನಿನ್ನನ್ನೂ ನಿಮ್ಮಪ್ಪನನ್ನೂ ಇದೇ ಕೈಯಲ್ಲಿ ಸಾಕಿದ್ದು. ಹಿಟ್ಟು ನಿಮ್ಮಿಬ್ಬರಿಗಿಂತ ಮೆದು. ಏನಾದ್ರೂ ಅನ್ಬೇಕು ಅಂದ್ರೆ ಹೋಗಿ ಅವಳನ್ನೊಮ್ಮೆ ನೋಡ್ಕೊಂಡು ಬಂದು ಅನ್ನು."

ಅವನು ಧುಮುಗುಟ್ಟುತ್ತ ಹತ್ತಿಹೋದ. ಕೋಣೆಯ ಬಾಗಿಲು ತೆರೆದೇ ಇತ್ತು. ಅವಳು ಬರೆಯುತ್ತಿದ್ದಳು. ಎರಡೂ ಕೈಗಳಿಗೆ ಮೆತ್ತಿದ್ದ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಪೆನ್ನು ಹಿಡಿದ ಬೆರಳುಗಳ ನಡುವಿನಿಂದ ಅದು ಪುಡಿಯಾಗಿ ಹಾಳೆಯ ಮೇಲೆ ಉದುರುತ್ತಿತ್ತು. ಅವಳು ಅದನ್ನು ಊದಿ ತಳ್ಳಿ ಮುಂದಿನ ಸಾಲಿಗೆ ಹೋಗುತ್ತಿದ್ದಳು. ಕೆಳಗಿನ ಕೂಗು ಅವಳಿಗೆ ಕೇಳಿರಲೇ ಇಲ್ಲ. ಗಂಡ ಬಂದು ನಿಂತದ್ದೂ ಕಾಣಲಿಲ್ಲ. ಓವನ್ನಿನ ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯುವ ಝಳವೊಂದು ಆ ಕೋಣೆಯಿಂದ ಬರುತ್ತಿದೆ ಅನ್ನಿಸಿತು ಅವನಿಗೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವಳು ಹೀಗೆ ಕೂತದ್ದನ್ನು ಅವನು ನಿಂತು ನೋಡಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಸದ್ದಿಲ್ಲದೆ ಇಳಿದುಬಂದ.

"ನೋಡಿದ್ಯಾ?" ಎಂದರು ಅತ್ತೆ, ಆಗಲೇ ಹೊಸ ಹಿಟ್ಟಿಗೆ ಕೈಹಾಕಿ.

"ಹೂಂ" ಎಂದ. ಆಮೇಲೆ, "ನೀರು ಇನ್ನೂ ಸ್ವಲ್ಪ ಹಾಕು" ಎಂದ.

ಆವತ್ತಿನಿಂದ ಪರೀಕ್ಷೆಯವರೆಗೂ ಮಧ್ಯಾಹ್ನದ ಹಿಟ್ಟು ಅತ್ತೆಯದೇ. ಮೊದಮೊದಲು ಬನ್ನುಗಳು ಗಟ್ಟಿಯಾದವು. ಹಲ್ಲಿಲ್ಲದ ಗಿರಾಕಿಗಳು ಗೊಣಗಿದರು. ಆಮೇಲೆ ಸರಿಹೋಯಿತು. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಎಡಗೈಯಲ್ಲಿ ಚಮಚ ಹಿಡಿಯುತ್ತಿದ್ದರು. ಕೇಳಿದರೆ, "ಅದಕ್ಕೂ ಅಭ್ಯಾಸ ಆಗ್ಲಿ" ಎನ್ನುತ್ತಿದ್ದರು.

ಪರೀಕ್ಷೆಯ ದಿನ ಅತ್ತೆ ತಾನೂ ಬರುತ್ತೇನೆಂದು ಹಟ ಹಿಡಿದರು. ಪರೀಕ್ಷೆ ಇದ್ದದ್ದು ಆಟೋಟಗಳಿಗೆಂದು ಕಟ್ಟಿದ ಒಂದು ದೊಡ್ಡ ಒಳಾಂಗಣದಲ್ಲಿ. ಸೊಸೆ ಒಳಗೆ ಹೋದಳು. ಬಾಗಿಲು ಹಾಕಿದರು. ಬಾಗಿಲಿಗೆ ಅಂಗೈಯಗಲದ ಗಾಜಿತ್ತು. ಅತ್ತೆ ಅದಕ್ಕೆ ಮುಖ ಒತ್ತಿದರು.

ಒಳಗೆ ಕಣ್ಣು ಹಾಯುವವರೆಗೂ ಸಣ್ಣ ಮೇಜುಗಳು, ಒಂದೊಂದಕ್ಕೂ ಒಂದೊಂದು ತಲೆ. ನರೆತ ತಲೆ, ಬೋಳು ತಲೆ, ಬಸುರಿ ಹೆಂಗಸು, ಮೀಸೆ ಈಗಷ್ಟೇ ಬಂದ ಹುಡುಗ. ಎಲ್ಲೋ ಒಂದು ಗಂಟೆ ಹೊಡೆಯಿತು. ಅಷ್ಟೂ ತಲೆಗಳು ಒಟ್ಟಿಗೆ ಬಗ್ಗಿದವು. ಅಷ್ಟೂ ಹಾಳೆಗಳು ಒಟ್ಟಿಗೆ ಮಗುಚಿದ ಸದ್ದು ಬಾಗಿಲಿನಾಚೆಗೂ ಬಂತು, ಹಕ್ಕಿಗಳ ಹಿಂಡು ಒಮ್ಮೆಲೇ ಎದ್ದಂತೆ. ಆಮೇಲೆ ನಿಶ್ಶಬ್ದ.

"ಅಮ್ಮಾ, ಇಲ್ಲಿ ನಿಲ್ಲೋ ಹಾಗಿಲ್ಲ" ಎಂದು ಕಾವಲಿನವನು ಮೆಲ್ಲಗೆ ಹೇಳಿದ.

"ಇವರೆಲ್ಲರ ಮನೇಲೂ ಹೀಗೇನಾ?" ಎಂದರು ಅತ್ತೆ.

"ಹೇಗೆ?"

"ಅರ್ಧ ಗುಡಿಸಿದ ನೆಲ."

ಕಾವಲಿನವನು ಅವರನ್ನೊಮ್ಮೆ ನೋಡಿದ. ಕುರ್ಚಿ ತಂದುಕೊಟ್ಟ.

ಹೊರಗೆ ಬೇಕರಿಯವನೂ ಮೆಣಸೂ ಕಟ್ಟೆಯ ಮೇಲೆ ಬ್ರೆಡ್ಡಿನ ಪೊಟ್ಟಣ ಹಿಡಿದು ಕೂತಿದ್ದರು. ಯಾರೂ ತಿನ್ನಲಿಲ್ಲ. ಪರೀಕ್ಷೆ ಮುಗಿದು ಜನ ಹೊರಬರತೊಡಗಿದರು. ಸೊಸೆ ಎಲ್ಲರಿಗಿಂತ ಕೊನೆಗೆ ಬಂದಳು. ಮುಖ ಬಿಳಿಚಿತ್ತು. ನೇರ ಅತ್ತೆಯ ಹತ್ತಿರ ಬಂದು ನಿಂತಳು.

"ಮೊದಲನೇದನ್ನ ಅರ್ಧಕ್ಕೆ ಬಿಟ್ಟೆ ಅತ್ತೆ. ವಾಕ್ಯದ ನಡುವೆ."

"ಬಿಟ್ಯಾ!" ಅತ್ತೆ ಅವಳ ಎರಡೂ ಕೈ ಹಿಡಿದುಕೊಂಡರು. "ಎರಡನೇದು?"

"ಅದನ್ನೂ ಬಿಟ್ಟೆ. ಮೂರನೇದನ್ನೂ. ಕೊನೇದರಲ್ಲಿ ಒಂದು ಔಷಧಿ ಕಂಪನಿ ಇತ್ತು, ಅದನ್ನೂ ಪೂರ್ತಿ ಮಾಡೋಕಾಗ್ಲಿಲ್ಲ. ಒಂದೂ ಮುಗಿಸ್ಲಿಲ್ಲ ನಾನು." ಅವಳ ಕಣ್ಣಲ್ಲಿ ನೀರು ಬಂತು.

"ಒಂದೂ ಖಾಲಿ ಬಿಡ್ಲಿಲ್ವಲ್ಲ?"

"ಇಲ್ಲ."

"ಮತ್ತೆ ಸರಿ. ಬ್ರೆಡ್ ತಿನ್ನು." ಆಮೇಲೆ ಮೆಲ್ಲಗೆ, "ಆ ಔಷಧಿಯವನು ಕಳ್ಳನೇ?" ಎಂದರು.

"ಸಾಧ್ಯತೆ ಇದೆ ಅತ್ತೆ" ಎಂದು ಅಳುತ್ತಲೇ ನಕ್ಕಳು ಸೊಸೆ.

ಫಲಿತಾಂಶ ಬಂದದ್ದು ಮೂರು ತಿಂಗಳ ಮೇಲೆ, ಎಲ್ಲರೂ ತಿಂಡಿಗೆ ಕೂತಿದ್ದಾಗ. ಅವಳು ಫೋನು ನೋಡಿದಳು, ಮೇಜಿನ ಮೇಲೆ ಬೋರಲು ಹಾಕಿದಳು, ಮತ್ತೆ ಎತ್ತಿ ನೋಡಿದಳು. ಮೆಣಸು ಅದನ್ನು ಕಸಿದುಕೊಂಡು ಓದಿದಳು. ಬೇಕಾದ್ದಕ್ಕಿಂತ ಮೂರು ಅಂಕ ಹೆಚ್ಚು.

ಕಿರುಚಾಟವೆಲ್ಲ ಆದ ಮೇಲೆ ಬೇಕರಿಯವನು, "ಮೂರು ಹೆಚ್ಚಾ? ಹೋದ ಸಲದ ಎರಡು ವಾಪಸ್ ಬಂದು, ಒಂದು ಬಡ್ಡಿ" ಎಂದ. ಅವನು ತಮಾಷೆ ಮಾಡಿದ್ದು ಬಹಳ ದಿನಗಳ ಮೇಲೆ.

ಕಾಗದಪತ್ರಗಳೆಲ್ಲ ಮುಗಿದು ಅವಳು ಮೊದಲ ವರದಿಗೆ ಸಹಿ ಹಾಕುವ ಹೊತ್ತಿಗೆ ಇನ್ನೊಂದು ವರ್ಷವಾಯಿತು. ಅಚ್ಚಾದ ಪ್ರತಿಯೊಂದನ್ನು ಮನೆಗೆ ತಂದಳು. ಅತ್ತೆ ಕನ್ನಡಕ ಹುಡುಕಿ ಹಾಕಿಕೊಂಡು, ಉಳಿದದ್ದೆಲ್ಲ ಬಿಟ್ಟು, ಕೊನೆಯ ಪುಟದ ಕೆಳಗಿನ ಸಹಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಈ ಸಹಿ ನಂಬಿ ಕಂಪನಿಗೆ ದುಡ್ಡು ಹಾಕ್ತಾರಾ ಜನ?"

"ಹೂಂ ಅತ್ತೆ."

"ಗುರುತು ಪರಿಚಯ ಇಲ್ಲದೋರು?"

"ಗುರುತು ಪರಿಚಯ ಇಲ್ಲದೋರೇ."

ಅತ್ತೆ ಆ ಪುಟವನ್ನು ಸೆರಗಿನಿಂದ ಒರೆಸಿ ಮಡಿಲಲ್ಲಿಟ್ಟುಕೊಂಡರು.

ಹೊಸ ಮೋಟಾರು ಬಂತು. ಮೆಣಸು ಸಮುದ್ರ ನೋಡಲಿಲ್ಲ; ಆ ಪ್ರವಾಸ ಆ ವರ್ಷಕ್ಕೇ ಮುಗಿದಿತ್ತು. ಅತ್ತೆಯ ಬಲಭುಜ ಮಾತ್ರ ಮತ್ತೆ ಮೊದಲಿನಂತಾಗಲಿಲ್ಲ. ಕೈ ಎದೆಯವರೆಗೆ ಏಳುತ್ತದೆ, ತಲೆಯ ಹಿಂದಕ್ಕೆ ಹೋಗುವುದಿಲ್ಲ. ಡಾಕ್ಟರು ಇಷ್ಟೇ ಎಂದುಬಿಟ್ಟರು. ಆ ಮನೆಗೆ ಬಂದದ್ದು ಒಂದು ಸಹಿ, ಹೋದದ್ದು ಒಂದು ಭುಜ. ಈಗ ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಸೊಸೆ ಅತ್ತೆಯ ತಲೆ ಬಾಚಿ ಜಡೆ ಹೆಣೆಯುತ್ತಾಳೆ. ಕೆಳಗೆ ಓವನ್ನಿನ ಗಂಟೆ ಹೊಡೆಯುತ್ತದೆ. ಅವಳು ಕೈ ತೆಗೆಯುವುದಿಲ್ಲ. ತುದಿಯವರೆಗೂ ಹೆಣೆದು, ದಾರ ಕಟ್ಟಿ, ಆಮೇಲೆ ಏಳುತ್ತಾಳೆ.